ಫೋಟೋದಲ್ಲಿ ಬಾಲ ಕಾಣುವ ಆಕಳು ನನ್ನದು

ಮಾನ್ಯರೇ,

ನಮ್ಮ ಹೋಬಳಿಯ ಬರಡು ರಾಸುಗಳ ಚಿಕಿತ್ಸಾ ಶಿಬಿರ ‘ಯಶಸ್ವಿ’ಯಾಯಿತೆಂದು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿದೆ. ಶಾಲು ಹೊದ್ದವರ ಸಾಲಿನ ಹಿಂದೆ, ಎಡಗಡೆ, ಬಾಲ ಮಾತ್ರ ಕಾಣುವ ಆಕಳು ನನ್ನದು. ಅದರ ಮುಂದಿನ ಕಥೆಯನ್ನೂ ದಯವಿಟ್ಟು ಪ್ರಕಟಿಸಿ.

ಶಿಬಿರ ನಡೆದದ್ದು ಹಿಂದಿನ ಸೋಮವಾರ. ಅಂಡಾಶಯದಲ್ಲಿ ನೀರುಗುಳ್ಳೆ ಕಟ್ಟಿ ಗಬ್ಬ ನಿಲ್ಲದ ನನ್ನ ಆಕಳಿಗೆ ಅಂದು ಮೊದಲ ಸೂಜಿ ಬಿತ್ತು. ಏಳನೆಯ ದಿನ ಎರಡನೆಯ ಸೂಜಿ ಬೀಳಲೇಬೇಕೆಂದು ವೈದ್ಯರೇ ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟಿದ್ದರು. ಇಂದು ಏಳನೆಯ ದಿನ. ಮೂರು ಕಿಲೋಮೀಟರ್ ಹಗ್ಗ ಹಿಡಿದು ನಡೆಸಿಕೊಂಡು ಹೋದರೆ ಪಶು ಆಸ್ಪತ್ರೆಗೆ ಬೀಗ. ಅಂಗಳದ ಕಬ್ಬಿಣದ ಚೌಕಟ್ಟಿಗೆ ಆಕಳನ್ನು ಕಟ್ಟಿ ಹನ್ನೊಂದೂವರೆಯವರೆಗೆ ಬಿಸಿಲಿನಲ್ಲಿ ನಿಂತೆ. ಆಮೇಲೆ ಬಂದ ಸಿಬ್ಬಂದಿ, ಡಾಕ್ಟರು ಸಭೆಗೆ ಹೋಗಿದ್ದಾರೆ, ಸೂಜಿ ಸ್ಟಾಕ್ ಇಲ್ಲ, ಗುರುವಾರ ಬನ್ನಿ ಎಂದರು. ಬುಧವಾರ ಮೂರನೆಯ ಸೂಜಿ, ಗುರುವಾರ ಬೆಳಿಗ್ಗೆ ಕೃತಕ ಗರ್ಭಧಾರಣೆ ಎಂದು ಅದೇ ಚೀಟಿಯಲ್ಲಿದೆ. ತೋರಿಸಿದೆ. ಔಷಧಿಯನ್ನು ಅಲ್ಲೇ ಅಂಟಿಸಿರಬಹುದು ಎಂಬಂತೆ ಚೀಟಿಯನ್ನು ತಿರುಗಿಸಿ ನೋಡಿದರು.

ಸಾಲದ್ದಕ್ಕೆ ಸಲಹೆ ಬೇರೆ: “ಕೈ ಹಾಕಿ ಗುಳ್ಳೆ ಒಡೆದರೆ ಆಯಿತು, ಹಿಂದೆಲ್ಲ ಹಾಗೆಯೇ ಮಾಡುತ್ತಿದ್ದೆವು.” ಹಾಗೆ ಹಿಚುಕಿದರೆ ಒಳಗೆ ರಕ್ತ ಸೋರಿ, ಅಂಡಾಶಯ ಸುತ್ತಮುತ್ತ ಅಂಟಿಕೊಂಡು ಆಕಳು ಖಾಯಂ ಬರಡಾಗಬಹುದೆಂದು ಶಿಬಿರದ ಭಾಷಣದಲ್ಲಿಯೇ ಹೇಳಿದ್ದರು. ಈ ಮಹಾಶಯರು ಆಗ ಊಟದ ಪಾಳಿಯಲ್ಲಿದ್ದಿರಬೇಕು.

ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರಬೇಕಾದ ಆಕಳು ಎಂಟು ಹತ್ತು ದಿನಕ್ಕೇ ಬರುತ್ತಿತ್ತು. ರಾತ್ರಿಯಿಡೀ ಕೂಗು, ಪಕ್ಕದ ಎಮ್ಮೆಯ ಮೇಲೆ ಹೋರಿಯಂತೆ ಹಾರುವುದು. ನಾಲ್ಕು ಸಲ ಕೃತಕ ಗರ್ಭಧಾರಣೆ ಮಾಡಿಸಿ ಗಬ್ಬ ಕಟ್ಟುವುದನ್ನು ಕಾದೆ. ಪ್ರತಿ ಸಲವೂ “ಈ ಸಲ ನಿಲ್ಲುತ್ತದೆ” ಎಂದು ಹೇಳಿ ಹಣ ಪಡೆದವರಿಗೆ, ಒಮ್ಮೆ ಸ್ಕ್ಯಾನ್ ಮಾಡಿಸಿ ಎಂಬ ಮಾತು ಹೊಳೆಯಲಿಲ್ಲ. ಶಿಬಿರದ ಸ್ಕ್ಯಾನಿನಲ್ಲಿ ನಿಂಬೆಹಣ್ಣಿನಷ್ಟು ನೀರುಗುಳ್ಳೆ ಕಂಡಿತು. ಮಿದುಳಿನಿಂದ ಬರಬೇಕಾದ ಹಾರ್ಮೋನು ವೇಳೆಗೆ ಬಾರದೆ ಅಂಡದ ಕೋಶ ಒಡೆಯದೆ ಊದಿಕೊಂಡಿದೆಯಂತೆ. ಅಂಡವೇ ಹೊರಬೀಳದ ಮೇಲೆ ಗಬ್ಬ ಎಲ್ಲಿಂದ ಕಟ್ಟಬೇಕು? ಮೊದಲ ಸೂಜಿ ಗುಳ್ಳೆಯನ್ನು ಹಣ್ಣಾಗಿಸಿದರೆ ಏಳನೆಯ ದಿನದ ಸೂಜಿ ಅದನ್ನು ಕರಗಿಸುತ್ತದೆ. ಗುಳ್ಳೆಗೆ ಸಭೆ, ತರಬೇತಿ, ರಜೆ ಯಾವುದೂ ಗೊತ್ತಿಲ್ಲ.

ಹದಿನಾಲ್ಕು ಲೀಟರ್ ಕೊಡುತ್ತಿದ್ದ ಆಕಳು ಈಗ ಆರಕ್ಕೆ ಇಳಿದಿದೆ, ಹಿಂಡಿಯ ಚೀಲ ಮಾತ್ರ ಇಳಿದಿಲ್ಲ. ಮಧ್ಯಾಹ್ನ ಬಸ್ ಹಿಡಿದು ಗದಗಿಗೆ ಹೋಗಿ ಸೂಜಿಯನ್ನು ನಾನೇ ಕೊಂಡು ತಂದೆ. ಬಂದಾಗ ಸಂಜೆ, ಆಸ್ಪತ್ರೆಗೆ ಮತ್ತೆ ಬೀಗ. ಗಬ್ಬದ ಆಕಳಿಗೆ ಬಿದ್ದರೆ ಕರುವನ್ನೇ ಕಳೆಯುವಂಥ ಔಷಧವಂತೆ, ನಾನೇ ಚುಚ್ಚುವ ಧೈರ್ಯವಾಗಲಿಲ್ಲ. ಇದನ್ನು ಬರೆಯುವಾಗ ಅದು ಗೋಡೆಯ ಗೂಡಿನಲ್ಲಿ ಬೆಂಕಿಪೊಟ್ಟಣದ ಪಕ್ಕ ಕುಳಿತಿದೆ.

ಕಿವಿಗೆ ಹನ್ನೆರಡು ಅಂಕಿಯ ಬಿಲ್ಲೆ ಹೊಡೆಯಲು ಮಾತ್ರ ಇವರು ಬೆಳಿಗ್ಗೆ ಆರಕ್ಕೇ ಮನೆ ಬಾಗಿಲಿಗೆ ಬಂದಿದ್ದರು! 2022ರ ಚರ್ಮಗಂಟು ರೋಗದಲ್ಲಿ ನಮ್ಮ ಓಣಿಯವರೊಬ್ಬರ ಎತ್ತು ಸತ್ತಿತು. ಎತ್ತಿಗೆ 30,000 ರೂಪಾಯಿ ಪರಿಹಾರವೆಂದು ಘೋಷಣೆಯಾಗಿತ್ತು. ಅವರ ಅರ್ಜಿ ಯಾವ ಮೇಜಿನಲ್ಲಿ ಮೇಯುತ್ತಿದೆಯೋ! ಹಾಲಿನ ಐದು ರೂಪಾಯಿ ಪ್ರೋತ್ಸಾಹಧನದ ಮಾತಂತೂ ಎತ್ತುವುದೇ ಬೇಡ. ಆಸ್ಪತ್ರೆಗೆ ಹೋಗುವ ರಸ್ತೆಯ ಬಗ್ಗೆ ಎರಡು ವರ್ಷದ ಹಿಂದೆ ನಿಮಗೇ ಬರೆದಿದ್ದೆ, ಗುಂಡಿಗಳೆಲ್ಲ ಕ್ಷೇಮವಾಗಿವೆ.

ಅಧಿಕಾರಿಗಳು ಸೂಜಿ ಬೀಳಬೇಕಾದ ದಿನವಾದರೂ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರನ್ನು ಇರಿಸಲಿ, ಇಲ್ಲವೇ ಶಿಬಿರ ನಡೆಸುವುದನ್ನೇ ಬಿಡಲಿ. ಬಿಡಲಿ ಎಂದರೆ ಅದೊಂದನ್ನು ಮಾತ್ರ ತಪ್ಪದೆ ಪಾಲಿಸಿಯಾರು, ಅದೂ ಬೇಡ. ಏನಾದರೊಂದು ಮಾಡಲಿ. ನಿಮ್ಮ ವರದಿಗಾರರೂ ಇನ್ನು ಮೇಲೆ ಶಿಬಿರದ ದಿನದ ಬದಲು ಏಳನೆಯ ದಿನ ಬರಲಿ. ಊಟ ಇರುವುದಿಲ್ಲ, ಅಷ್ಟೇ.

— ನೊಂದ ಹೈನುಗಾರ, ಗದಗ ತಾಲ್ಲೂಕು