ನಿನ್ನ 41 ‘ಆದ್ದರಿಂದ’ಗಳು

ಪ್ರಿಯ ತಮ್ಮ,

ಹಸ್ತಪ್ರತಿ ಎರಡು ಸಲ ಓದಿದೆ. ಸಮಾಜ ವಿಜ್ಞಾನಿಗಳ ಬದುಕಿಗೂ ಅವರ ಬರಹಕ್ಕೂ ಇರುವ ನಂಟು ಹುಡುಕಲು ಹೊರಟಿದ್ದೀಯ, ಖುಷಿಯಾಯಿತು. ಅಧ್ಯಾಯ ಎಷ್ಟು ಉದ್ದ ಇರಬೇಕು, ಪ್ರಕಾಶಕರು ಸಿಗುತ್ತಾರಾ ಅಂತೆಲ್ಲ ಕೇಳಿದ್ದೀಯ. ಅದನ್ನು ಬೇರೆ ಯಾರಾದರೂ ಹೇಳುತ್ತಾರೆ ಬಿಡು. ನಾನು ಪೆನ್ಸಿಲ್ ಹಿಡಿದು ಒಂದೇ ಪದ ಎಣಿಸಿದೆ: ‘ಆದ್ದರಿಂದ’. 41 ಸಲ ಬಂದಿದೆ. ಅಪ್ಪ ಬಡವ, ಆದ್ದರಿಂದ ವರ್ಗದ ಬಗ್ಗೆ ಬರೆದ. ತಾಯಿ ಬೇಗ ಹೋದಳು, ಆದ್ದರಿಂದ ಕುಟುಂಬದ ಬಗ್ಗೆ ಬರೆದಳು. ಬಡವರ ಮಕ್ಕಳಿಗೇನು ಬರವೇ ಮಾರಾಯ, ಅವರೆಲ್ಲ ಸಮಾಜಶಾಸ್ತ್ರ ಬರೆದರಾ?

ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದ್ಯೂನನ್ನೇ ತಗೋ. ಫ್ರಾನ್ಸಿನ ಬೆಆರ್ನ್ ಸೀಮೆಯ ಹಳ್ಳಿ, ಅಂಚೆ ಕೆಲಸದ ಅಪ್ಪ, ಆಮೇಲೆ ಸೀದಾ ‘ಆದ್ದರಿಂದ’. ನಡುವಿನದ್ದನ್ನು ಹಾರಿಬಿಟ್ಟೆ. ಅವನು 1955ರಲ್ಲಿ ಸೈನ್ಯದ ಕರೆಗೆ ಅಲ್ಜೀರಿಯಾಕ್ಕೆ ಹೋದ, ಅಲ್ಲಿನ ಕಬೈಲ್ ಜನರ ಮದುವೆ ನೆಂಟಸ್ತನಗಳನ್ನು ಅಧ್ಯಯನ ಮಾಡಿದ, ಅದೇ ಕಣ್ಣು ಹೊತ್ತುಕೊಂಡು ತನ್ನ ಸೀಮೆಗೆ ವಾಪಸ್ ಬಂದ. ಕ್ರಿಸ್‌ಮಸ್ ಕುಣಿತ ನಡೆಯುತ್ತಿದೆ. ಮದುವೆಯಾಗದ ರೈತರು, ಹಳೇ ಕಾಲದ ಕೋಟು, ತಲೆ ಮೇಲೆ ಟೊಪ್ಪಿ, ಅಂಚಿನಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದಾರೆ. ಕುಣಿಯುವುದಿಲ್ಲ. ಜಮೀನು ಸಿಗುವ ಹಿರಿಮಗನಿಗೇ ಹೆಣ್ಣು ಸಿಗದ ಹಾಗೆ ಯಾಕಾಯಿತು? ಅಲ್ಲೇ ಇದ್ದುಬಿಟ್ಟಿದ್ದರೆ ಅವನಿಗೂ ಅದು ದಿನಾ ಕಾಣುವ ನೋಟ, ಅಷ್ಟೇ. ಹೊರಗೆ ಹೋಗಿ ಬಂದ ಮೇಲೆ ಪ್ರಶ್ನೆಯಾಯಿತು.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್‌ಗೆ ನಾಲ್ಕು ಪುಟ ಕೊಟ್ಟಿದ್ದೀಯ. 1897ರಲ್ಲಿ ಅಪ್ಪನ ಜೊತೆ ದೊಡ್ಡ ಜಗಳ, ಸ್ವಲ್ಪ ದಿನಕ್ಕೇ ಅಪ್ಪ ಸತ್ತ, ಮಗ ವರ್ಷಗಟ್ಟಲೆ ಕುಸಿದ. ನಿಜ. ಆದರೆ ಪ್ರೊಟೆಸ್ಟೆಂಟ್ ಕ್ರೈಸ್ತರ ದುಡಿಮೆಯ ನಿಷ್ಠೆ ಬಂಡವಾಳಶಾಹಿಗೆ ಇಂಬು ಕೊಟ್ಟಿತು ಅನ್ನೋ ಅವನ ಸಿದ್ಧಾಂತ ಆ ಜಗಳದಿಂದಲೇ ಹುಟ್ಟಿತು ಅಂತ ನಿನಗೆ ಹೇಳಿದವರು ಯಾರು?

ಮಾನವಶಾಸ್ತ್ರಜ್ಞ ರೆನಾಟೊ ರೊಸಾಲ್ಡೊಗೆ ಮಾತ್ರ ಆರೇ ಸಾಲು! ಫಿಲಿಪೀನ್ಸಿನ ಇಲೊಂಗೊಟ್ ಜನರನ್ನು, ಯಾಕೆ ತಲೆ ಕಡಿಯುತ್ತಿದ್ದಿರಿ ಅಂತ ಕೇಳಿದರೆ, ದುಃಖದೊಳಗಿನ ಸಿಟ್ಟು ಅನ್ನುತ್ತಿದ್ದರು. ಅವನಿಗೆ ಅದು ಸಾಲಲಿಲ್ಲ. ಒಂದು ಸಾವಿಗೆ ಇನ್ನೊಂದು ಸಾವು ಅನ್ನೋ ಲೆಕ್ಕ ಕಟ್ಟಿ ಅಲ್ಲಿನ ಹಿರಿಯನ ಮುಂದಿಟ್ಟ, ಹಿರಿಯನಿಗೆ ತಲೆಬುಡ ತಿಳಿಯಲಿಲ್ಲ. 1981ರಲ್ಲಿ ಅವನ ಹೆಂಡತಿ ಮಿಶೆಲ್, ಅವಳೂ ಮಾನವಶಾಸ್ತ್ರಜ್ಞೆ, ಕ್ಷೇತ್ರಕಾರ್ಯದಲ್ಲಿ ಕಾಲು ಜಾರಿ ಪ್ರಪಾತಕ್ಕೆ ಬಿದ್ದಳು. ಶವ ಕಂಡಾಗ ಅವನಿಗೆ ಬಂದದ್ದು ಸಿಟ್ಟು, ನನ್ನನ್ನು ಬಿಟ್ಟು ಹೇಗೆ ಹೋದಳು ಅಂತ. ಇಲೊಂಗೊಟರ ಮಾತು ಆಗ ಅರ್ಥವಾಯಿತು. ಇದನ್ನು ನಾನು ನಂಬುತ್ತೇನೆ. ಮೊದಲು ಏನು ಅಂದುಕೊಂಡಿದ್ದ, ಆಮೇಲೆ ಏನು ಅಂದ, ಎರಡನ್ನೂ ಅವನೇ ಬರೆದಿಟ್ಟಿದ್ದಾನೆ, ತಪ್ಪನ್ನೂ ಸೇರಿಸಿ.

ಇಷ್ಟು ರೇಗುವುದಕ್ಕೆ ಕಾರಣ ಇದೆ. ವಿಧವೆಯರ ಬಗ್ಗೆ ಕೆಲಸ ಮಾಡಿದ ವಿದ್ವಾಂಸರೊಬ್ಬರ ಮೇಲೆ ನಾನೂ ಒಮ್ಮೆ ಬರೆದಿದ್ದೆ. ತಾಯಿ ವಿಧವೆ, ಮಗಳು ಅದನ್ನು ನೋಡುತ್ತಾ ಬೆಳೆದರು, ಆದ್ದರಿಂದ ಅಂತ. ಜನ ಹೊಗಳಿದರು. ಮೂರು ವಾರಕ್ಕೆ ಅವರಿಂದ ಕಾರ್ಡು ಬಂತು, ಒಂದೇ ಸಾಲು: ‘ನನ್ನ ತಂದೆ ತೀರಿಕೊಂಡದ್ದು ಆ ಪುಸ್ತಕ ಬಂದು ನಾಲ್ಕು ವರ್ಷವಾದ ಮೇಲೆ.’ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಕೇಳಿದರೆ ಕಥೆ ಕೆಡುತ್ತೆ ಅನ್ನೋ ಭಯ ಒಳಗೆಲ್ಲೋ ಇತ್ತು, ಅಲ್ವಾ? ತಿದ್ದುಪಡಿ ಹಾಕದ ಸಂಪಾದಕರ ಮೇಲೆ ಇವತ್ತಿಗೂ ಸಿಟ್ಟಿದೆ, ಆದರೆ ಕ್ಷಮೆ ಕೇಳಿ ಪತ್ರ ಬರೆಯದವನು ನಾನೇ. ಈಗ ಅವರಿಲ್ಲ.

ಹಾಂ, ಎಂ.ಎನ್. ಶ್ರೀನಿವಾಸರ ಅಧ್ಯಾಯ ಮುಟ್ಟಬೇಡ. 1970ರ ಏಪ್ರಿಲ್, ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ, ಮೈಸೂರು ಸೀಮೆಯ ರಾಂಪುರದ ಮೇಲೆ ವರ್ಷಗಟ್ಟಲೆ ಮಾಡಿಟ್ಟ ಟಿಪ್ಪಣಿಗಳು ಸುಟ್ಟುಹೋದವು, ಅವರು ನೆನಪಿನಿಂದಲೇ ಹಳ್ಳಿಯನ್ನು ಬರೆಯಲು ಕುಳಿತರು. ಸುಮ್ನೆ ಆದದ್ದನ್ನು ಆದ ಹಾಗೆ ಹೇಳಿದ್ದೀಯ. ಆ ಅಧ್ಯಾಯದಲ್ಲಿ ನನ್ನ ಪೆನ್ಸಿಲ್‌ಗೆ ಕೆಲಸವೇ ಸಿಗಲಿಲ್ಲ.

ಮುಂದಿನ ಕರಡು ಕಳಿಸುವಾಗ ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.