ಹಳೆಯ ರಿವಾಲ್ವರ್: ಬರೀ ‘.32’ ನೋಡಿ ತೋಟಾ ತುಂಬಬೇಡಿ

ಮಾನ್ಯರೇ,

ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಟ್ಟ ರಿವಾಲ್ವರ್ ಮನೆಗೆ ಮರಳಿದಾಗ, ತಂದೆಯ ಆಯುಧವು ಮಗನ ಹೆಸರಿನ ಪರವಾನಗಿಯೊಂದಿಗೆ ಅವನ ಕೈಗೆ ಬಂದಾಗ, ಹಲವರು ಮೊದಲು ಹೊಸ ತೋಟಾ ಕೊಳ್ಳುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ.

ನಮ್ಮಲ್ಲಿ ಕಾಣುವ ಹಳೆಯ .32 (ಇಂಚಿನಲ್ಲಿ ಹೇಳುವ ನಳಿಕೆಯ ಅಳತೆ) ವೆಬ್ಲಿ ಎಂಬ ಬ್ರಿಟಿಷ್ ರಿವಾಲ್ವರ್, ಅದರ ಮಾದರಿಯಲ್ಲೇ ಕಾನ್ಪುರದಲ್ಲಿ ತಯಾರಾದ ರಿವಾಲ್ವರ್, ಎರಡಕ್ಕೂ ಬೇಕಾದದ್ದು .32 ಎಸ್ ಆ್ಯಂಡ್ ಡಬ್ಲ್ಯು ಲಾಂಗ್ ತೋಟಾ. ಇದರ ಕೇಸ್ (ಮದ್ದು ತುಂಬಿದ ಲೋಹದ ಕವಚ) ಉದ್ದ ಸುಮಾರು 23 ಮಿ.ಮೀ. ಪಿಸ್ತೂಲಿನ .32 ಎಸಿಪಿ, ಅಂದರೆ 7.65 ಮಿ.ಮೀ. ತೋಟಾದ ಕೇಸ್ 17 ಮಿ.ಮೀ. ಮಾತ್ರ. ಆದರೆ ದಪ್ಪ ಹೆಚ್ಚುಕಡಿಮೆ ಒಂದೇ ಆದ್ದರಿಂದ ರಿವಾಲ್ವರಿನ ಸಿಲಿಂಡರಿನಲ್ಲಿ ತೋಟಾ ಕೂರುವ ಕೋಣೆಯೊಳಕ್ಕೆ ಸಲೀಸಾಗಿ ಜಾರುತ್ತದೆ. ಅಪಾಯ ಇರುವುದು ಅಲ್ಲೇ. ಲಾಂಗ್ ತೋಟಾದ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್, ಎಸಿಪಿಯದು 20,500. ಮಧ್ಯಕ್ಕೆ ಮುರಿದು ತೆರೆಯುವ ಹಳೆಯ ಚೌಕಟ್ಟಿನ ಕೀಲು, ಕೊಂಡಿಗಳು ಆ ಏಟಿಗೆಂದು ಮಾಡಿದವಲ್ಲ. ಎಸಿಪಿಯ ಅಂಚು ಕಿರಿದು, ಹಾಗಾಗಿ ಖಾಲಿ ಕೇಸ್ ಸರಿಯಾಗಿ ಹೊರಬರುವುದೂ ಇಲ್ಲ.

ಇನ್ನು ಪರೀಕ್ಷೆ. ಆರೂ ಕೋಣೆ, ನಳಿಕೆ ಖಾಲಿ ಇವೆಯೇ ಎಂದು ಕಣ್ಣಿಟ್ಟು ನೋಡಿ. ಮುಚ್ಚಿದ ಮೇಲೆ ನಳಿಕೆ (ಬ್ಯಾರೆಲ್) ಅಲುಗಿದರೆ ಕೀಲಿನ ಪಿನ್ ಇಲ್ಲವೇ ಕೊಂಡಿ ಸವೆದಿದೆ, ಅದನ್ನು ಹಾರಿಸಲೇಬೇಡಿ. ಹ್ಯಾಮರನ್ನು ನಿಧಾನವಾಗಿ ಎಳೆಯಿರಿ: ಅದು ಪೂರ್ತಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ಬೀಗ ಬಿದ್ದಿರಬೇಕು. ಆರೂ ಕೋಣೆಗೆ ಹೀಗೆ ಮಾಡಿ, ಒಂದರಲ್ಲಿ ಮಾತ್ರ ದೋಷವಿರುವುದುಂಟು. ಬೀಗ ತಡವಾದರೆ ಕೋಣೆ ನಳಿಕೆಗೆ ನೇರವಾಗಿ ಕೂರುವುದಿಲ್ಲ. ಗುಂಡಿನ ಅಂಚು ಕೆತ್ತಿಹೋಗಿ ಸೀಸದ ಚೂರು ಪಕ್ಕದಿಂದ ಚಿಮ್ಮುತ್ತದೆ. ಸಿಲಿಂಡರ್ ತಿರುಗಿಸುವ ಪಾಲ್ ಅಥವಾ ಅದರ ಹಲ್ಲು ಸವೆದದ್ದು ಇದಕ್ಕೆ ಕಾರಣ. ಸಿಲಿಂಡರಿಗೂ ಬ್ಯಾರೆಲಿಗೂ ನಡುವಿನ ಸಂದು 0.15ರಿಂದ 0.25 ಮಿ.ಮೀ. ಇದ್ದರೆ ಸರಿ, ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್‌ಗೆ ಬಳಸುವ ಫೀಲರ್ ಗೇಜೇ ಅಳೆಯಲು ಸಾಕು.

ಹೊಡೆದರೂ ಹಾರದಿದ್ದರೆ ನಳಿಕೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ಆಮೇಲೆ ತೋಟಾದ ಹಿಂಬದಿಯ ಪ್ರೈಮರ್ (ಏಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ಭಾಗ) ನೋಡಿ: ಗುರುತು ತೆಳುವಾಗಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಹಳೆಯ ಗ್ರೀಸ್ ಗಟ್ಟಿಯಾಗಿದೆ, ಗುರುತು ಆಳವಾಗಿದ್ದರೆ ತೋಟಾವೇ ಕೆಟ್ಟಿದೆ. ಸದ್ದು ಮೆತ್ತಗಾದರೆ ಮತ್ತೊಂದು ಹಾರಿಸಬೇಡಿ, ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು.

ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಟ್ಟರೆ ತುಕ್ಕು ಖಂಡಿತ. ಎಣ್ಣೆ ತೆಳುವಾಗಿ ಸವರಿ, ತೋಟಾಗಳಿಗೆ ತಾಗಿಸಬೇಡಿ; ಎಣ್ಣೆ ಒಳಗಿಳಿದರೆ ಪ್ರೈಮರ್ ಸಾಯುತ್ತದೆ. ದುರಸ್ತಿಯನ್ನು ಪರವಾನಗಿ ಇರುವ ಕುಶಲಕರ್ಮಿಯಿಂದಲೇ ಮಾಡಿಸಿ. ಪರವಾನಗಿ ಇಲ್ಲದವರು ದುರಸ್ತಿ ಅಂಗಡಿ ನಡೆಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಮಾರಾಟಗಾರರು ಬಿಲ್ಲಿನಲ್ಲೂ ಪರವಾನಗಿ ಪುಸ್ತಕದಲ್ಲೂ ಬರೀ ‘.32 ಬೋರ್’ ಎಂದು ಬರೆಯುವ ಬದಲು ತೋಟಾದ ಪೂರ್ಣ ಹೆಸರು ನಮೂದಿಸುವಂತೆ ಜಿಲ್ಲಾಡಳಿತಗಳು ಸೂಚಿಸಬೇಕು.

– ಪರವಾನಗಿದಾರ ಓದುಗರು, ಮಡಿಕೇರಿ