ಬೇಕಲದ ಹೊಯಿಗೆಯಲ್ಲಿ ಸಿಕ್ಕಿದ ಆ ಅಣ್ಣನಿಗೆ

ಕಳೆದ ಶನಿವಾರ ಹಾಯಿದೋಣಿ ರೇಸ್ ನೋಡ್ಲಿಕ್ಕೆ ಅಂತ ಮಂಜೇಶ್ವರದಿಂದ ಅಮ್ಮ, ಮಕ್ಕಳು ಎಲ್ಲ ಬೇಕಲ ಕಡೆ ಹೋಗಿದ್ದೆವು, ಕಡಲ ಬದಿ ಪಾರ್ಕ್ ಮಾಡುವಾಗ ಕಾರಿನ ಮುಂದಿನ ಎರಡು ಚಕ್ರವೂ ಹೊಯಿಗೆಯಲ್ಲಿ ಹೂತು ಹೋಯ್ತು, ಆಕ್ಸಿಲರೇಟರ್ ಒತ್ತಿದಷ್ಟೂ ಒಳಗೆ. ಮೇ ತಿಂಗಳ ಬಿಸಿಲು, ಅಮ್ಮನಿಗೆ ಶುಗರ್ ಬೇರೆ ಉಂಟು, ನನಗೆ ಕೈಕಾಲೇ ಆಡಲಿಲ್ಲ.

ಬಲೆ ಸರಿಮಾಡ್ತಾ ಕೂತಿದ್ದ ಅಣ್ಣ ಒಬ್ರು ಎದ್ದು ಬಂದು ಮೊದಲು ಅಮ್ಮನನ್ನು ದೋಣಿಯ ನೆರಳಲ್ಲಿ ಕೂರಿಸಿದ್ರು. ಆಮೇಲೆ ಟಯರಿನ ಗಾಳಿ ಅರ್ಧದಷ್ಟು ಬಿಟ್ಟು (ಟಯರ್ ಅಗಲ ಆದ್ರೆ ಹೊಯಿಗೆ ಹಿಡೀತದಂತೆ), ಬರಿಗೈಯಲ್ಲೇ ತೋಡಿ, ತೆಂಗಿನ ಮಡಲು ಅಡಿಗೆ ಕೊಟ್ಟು, ರಿವರ್ಸ್, ಮೆಲ್ಲ ಮೆಲ್ಲ ಅಂದ್ರು. ಕಾರು ಮೇಲೆ ಬಂತು! ದುಡ್ಡು ಮುಟ್ಟಲಿಲ್ಲ, ಹೈವೇ ಹತ್ತುವ ಮೊದಲು ಗಾಳಿ ತುಂಬಿಸಿ ಅಂತ ಮಾತ್ರ ಎರಡೆರಡು ಸಲ ಹೇಳಿದ್ರು.

ಅಣ್ಣಾ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳ್ಲಿಲ್ಲ. ರೇಸ್ ಪೂರ್ತಿ ಅಮ್ಮ ನಿಮ್ಮ ದೋಣಿಗೆ ಒರಗಿಯೇ ನೋಡಿದ್ದು. ತುಂಬಾ ಥ್ಯಾಂಕ್ಸ್.